ನಿದ್ದೆಗೆ ಸಾಕ್ಷಿ

"ಮನೆಯಿಲ್ಲದವರ ಪಟ್ಟಿಗೆ ನಿಮ್ಮ ಹೆಸರು ಸೇರಿಸೋಕೆ ನಂದೇನೂ ಅಡ್ಡಿಯಿಲ್ಲಮ್ಮ. ಆದ್ರೆ ನೀವು ಬೀದೀಲಿ ಮಲಗಿರೋದನ್ನ ನಾನು ಕಣ್ಣಾರೆ ನೋಡ್ಬೇಕು, ಫೋಟೋನೂ ತೆಗೀಬೇಕು," ಎಂದು ನಗರಸಭೆಯ ಸರ್ವೆಯವನು ತಲೆ ಕೆರೆದುಕೊಂಡ.

ಕಚೇರಿಯ ಕಿಟಕಿಯಾಚೆ ನಿಂತಿದ್ದ ಹೆಂಗಸು ಬಗಲಿನ ಚೀಲವನ್ನು ಇನ್ನಷ್ಟು ಒತ್ತಿ ಹಿಡಿದಳು. ಬಾಚಿದ ತಲೆ, ಒಗೆದ ಬಟ್ಟೆ. ಬೆಳಕು ಹರಿಯುವ ತನಕ ಬಸ್ ನಿಲ್ದಾಣದ ಬೆಂಚಿನ ಮೇಲೆ ನೆಟ್ಟಗೆ ಕೂತಿರುತ್ತಿದ್ದ ಅವಳಿಗೆ ಅಲ್ಲಿಯ ಕಾವಲುಗಾರರು 'ಕೊನೇ ಬಸ್ಸಮ್ಮ' ಎಂದೇ ಹೆಸರಿಟ್ಟಿದ್ದರು. ಮನೆಯಿಲ್ಲದವರನ್ನು ಹುಡುಕಿಕೊಂಡು ಅತ್ತ ಹೋದಾಗಲೆಲ್ಲ ಸರ್ವೆಯವನೂ "ಬಸ್ ಇನ್ನೂ ಬರ್ಲಿಲ್ವೇನಮ್ಮ?" ಎಂದು ತಮಾಷೆ ಮಾಡಿ ಮುಂದೆ ಹೋಗುತ್ತಿದ್ದ. ಇವಳಿಗೇ ಮನೆಯಿಲ್ಲ ಎಂಬುದು ಆ ಬುದ್ಧಿವಂತನ ತಲೆಗೆ ಹೊಳೆದೇ ಇರಲಿಲ್ಲ.

"ನಾನು ಮಲಗಿದ್ರೆ ಇದನ್ನ ಯಾರಪ್ಪ ಕಾಯೋರು?" ಎಂದಳು ಅವಳು. ಚೀಲದ ತುಂಬ ಅಂಗಿಗಳು, ಗುಂಡಿ ಹಾಕಿ ಕೊಡಲು ದರ್ಜಿ ಅಂಗಡಿಯಿಂದ ತಂದವು. "ಅಂಗಡಿಯವ್ರಿಗೆ ನಾನು ಬೆಂಚಿನ ಮೇಲಿರೋದು ಗೊತ್ತಿಲ್ಲ. ಒಂದು ಅಂಗಿ ಕಳೆದ್ರೂ ಸಾಕು, ಇರೋ ಒಂದು ಕೆಲ್ಸಾನೂ ಹೋಗುತ್ತೆ."

"ಕೂತೇ ಇದ್ರೆ ನಮ್ಮ ಸಾಹೇಬ್ರು ನಿಮ್ಮನ್ನ ಪ್ರಯಾಣಿಕರು ಅಂತಾರಮ್ಮ. ಅವ್ರ ಲೆಕ್ಕದಲ್ಲಿ ಮನುಷ್ಯ ಅಡ್ಡ ಬಿದ್ರೇನೇ ಮನೆಯಿಲ್ಲದವನು. ನಾಳೆ ನಸುಕಿಗೆ ಬರ್ತೀನಿ. ಚೀಲ ತಲೆ ಕೆಳಗಿಟ್ಕೊಂಡು ಸುಮ್ನೆ ಕಣ್ಮುಚ್ಚಿ, ನಾಟಕ ಅಂದ್ಕೊಳ್ಳಿ. ಆಶ್ರಯ ಕೇಂದ್ರದಲ್ಲಿ ಮಂಚ ಕೊಡಿಸೋ ಜವಾಬ್ದಾರಿ ನಂದು."

ನಸುಕಿನಲ್ಲಿ ಅವನು ಮಾತಿಗೆ ತಪ್ಪದೆ ಬಂದ. ಅವಳು ನಾಟಕವಾಡುತ್ತಿರಲಿಲ್ಲ. ಚೀಲದ ಮೇಲೆ ಕೆನ್ನೆಯಿಟ್ಟು, ಬಾಯಿ ತುಸು ತೆರೆದು, ಮೈಮರೆತು ಗೊರಕೆ ಹೊಡೆಯುತ್ತಿದ್ದಳು. ಎಷ್ಟು ಕಾಲದಿಂದ ತಡೆದಿಟ್ಟ ನಿದ್ದೆಯೋ ಏನೋ! ತನ್ನ ತಾಯಿಯೂ ಹೀಗೇ ಮಲಗುತ್ತಿದ್ದುದು ಅವನಿಗೆ ನೆನಪಾಯಿತು. ಫೋಟೋ ತೆಗೆದ. ಎಬ್ಬಿಸಲೆಂದು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಹೇಗೂ ಕಚೇರಿ ತೆರೆದು ಸಾಹೇಬರು ಒಪ್ಪುವ ತನಕ ಕರೆದೊಯ್ಯುವಂತಿಲ್ಲ. 'ಪಾಪ, ಮಲಗಲಿ' ಎಂದುಕೊಂಡು ಸದ್ದಾಗದಂತೆ ಹೊರಟುಹೋದ.

ಸಾಹೇಬರು ಫೋಟೋ ನೋಡಿ ಒಂದೇ ಮಾತಿಗೆ ಒಪ್ಪಿದರು. ಸರ್ವೆಯವನು ಬಸ್ ನಿಲ್ದಾಣಕ್ಕೆ ಹೆಚ್ಚುಕಡಿಮೆ ಓಡಿಯೇ ಬಂದ. ಅವಳು ಎಂದಿನಂತೆ ನೆಟ್ಟಗೆ ಕೂತಿದ್ದಳು. ಮಡಿಲಲ್ಲಿ ಎರಡು ಕೈಗಳ ಹೊರತು ಏನೂ ಇರಲಿಲ್ಲ.

"ಚೀಲ ಎಲ್ಲಮ್ಮ?"

"ಎದ್ದಾಗ ಇರ್ಲಿಲ್ಲ. ಅಂಗಡಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ದೆ. ಇನ್ನು ಬರಬೇಡ ಅಂದ್ಬಿಟ್ರು." ಅವಳು ಅವನತ್ತ ತಿರುಗಿದಳು. "ನೀನು ನಸುಕಿಗೆ ಬರ್ಲೇ ಇಲ್ವೇನಪ್ಪ?"

"ಬಂದಿದ್ದೆ. ಆಗ ಚೀಲ ಇತ್ತಮ್ಮ. ನೀವು ಅಷ್ಟು ಚೆನ್ನಾಗಿ ಮಲಗಿದ್ರಿ, ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ."

"ಎಬ್ಬಿಸಿದ್ರೆ ಎದ್ದು ಕೂತಿರ್ತಿದ್ನಲ್ಲೋ, ನನ್ನಪ್ಪ."

ದನಿಯಲ್ಲಿ ಸಿಟ್ಟಿರಲಿಲ್ಲ. ಬಾಯಿಗೆ ಬಂದಂತೆ ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅವನಿಗೆ. ತಾನು ತೋರಿದ ಕರುಣೆಯ ಬಗ್ಗೆ ಅವನಿಗೇ ನಾಚಿಕೆಯಾಯಿತು. "ಸಾಹೇಬ್ರು ಒಪ್ಪಿದ್ರಮ್ಮ, ಬನ್ನಿ," ಎಂದು ಅವಳನ್ನು ಕರೆದುಕೊಂಡು ಹೊರಟ.

ಆಶ್ರಯ ಕೇಂದ್ರದಲ್ಲಿ ಗೋಡೆ ಬದಿಯ ಮಂಚ ಸಿಕ್ಕಿತು. ಅವನೇ ಹೊದಿಕೆ ಕೊಡವಿ ಹಾಸಿದ. "ಇಲ್ಲಿ ಎಲ್ಲಾ ಹೊತ್ತೂ ಕಾವಲಿರುತ್ತೆ. ಹೆದರದೆ ಮಲ್ಕೊಳ್ಳಿ," ಎಂದ, ಅವಳ ಮುಖ ನೋಡಲಾಗದೆ.

ಅವಳು ಮಂಚದ ಅಂಚಿನಲ್ಲಿ ಕೂತು ಚಪ್ಪಲಿ ಬಿಟ್ಟಳು.

"ಹೆದರಿಕೆ ಯಾಕಪ್ಪ? ಕಾಯೋಕೆ ಇನ್ನೇನಿದೆ ನನ್ಹತ್ರ?"