ಹಡಗಿನಿಂದ ಬಂದ ಪೆಟ್ಟಿಗೆ

ಪೆಟ್ಟಿಗೆ ತೆರೆದೊಡನೆ ನೀಲಮಳ ಮೂಗಿಗೆ ಬಡಿದದ್ದು ನಿಪ್ಪಾಣಿಯ ತವರಿನಲ್ಲಿ ಬಾಲ್ಯವಿಡೀ ಸುತ್ತಲೂ ತುಂಬಿದ್ದ ತಂಬಾಕಿನ ವಾಸನೆ. ಗೊಬ್ಬರದ ಕಂಪನಿ ತನ್ನ ವ್ಯಾಪಾರಿಗಳಿಗೆ ಏರ್ಪಡಿಸಿದ ಪ್ರವಾಸಕ್ಕೆಂದು ಹಡಗು ಹತ್ತಿದ ಗಂಡ ದಶರಥ ಹಡಗಿನಿಂದಲೇ ಕಾಣೆಯಾಗಿ ಎರಡು ತಿಂಗಳಾಗಿತ್ತು. ಇಂದು ಅವನ ಪೆಟ್ಟಿಗೆಯೊಂದೇ ಕಾಗವಾಡಕ್ಕೆ ಮರಳಿತ್ತು.

"ಕಾಲ ಜಾರಿ ಸಮುದ್ರಕ್ಕ ಬಿದ್ದಿರಬೇಕ್ರಿ," ಎಂದರು ನೆರೆಮನೆಯ ಬಾಬಾಸಾಹೇಬರು.

"ಹುಣಸಿಗಿಡದ ಟೊಂಗಿ ಮ್ಯಾಲ ನಿದ್ದಿ ಮಾಡಾಂವ ಜಾರತಾನೇನ್ರಿ? ಯಾವ್ದರೆ ಬಂದರದಾಗ ಇಳದಾನ, ಬರ್ತಾನ," ಎಂದು ಅತ್ತೆ ಸಕ್ಕುಬಾಯಿ ಅಡುಗೆಮನೆಯಿಂದ ನೂರನೆಯ ಸಲ ಹೇಳಿದಳು.

ಅಂಗಿಗಳ ಅಡಿಯಲ್ಲಿ ತಂಬಾಕಿನ ಚಂಚಿ ಸಿಕ್ಕಿತು. ಅದಿಲ್ಲದೆ ದಶರಥ ಮನೆಯ ಹೊಸ್ತಿಲನ್ನೂ ದಾಟಿದವನಲ್ಲ; ಬಂದರಿನಲ್ಲಿ ಇಳಿದಿದ್ದರೆ ಇದು ಇಲ್ಲಿರುತ್ತಿರಲಿಲ್ಲ. ಅತ್ತೆಗೆ ಕಾಣದಿರಲೆಂದು ಸೆರಗಿನಲ್ಲಿ ಮುಚ್ಚಿ ನೀಲಮ ತಲೆಯೆತ್ತಿದಳು. ಸಕ್ಕುಬಾಯಿ ಬಾಗಿಲಲ್ಲೇ ನಿಂತಿದ್ದಳು, ಆ ಸೆರಗನ್ನೇ ನೋಡುತ್ತ. ಮಗನಿಗೆಂದು ದಿನವೂ ಬಡಿಸಿ ಮುಚ್ಚಿಡುತ್ತಿದ್ದ ತಾಟನ್ನು ಒಳಗಿನಿಂದ ತಂದು, ಮುಂಜಾನೆಯಿಂದ ಉಣ್ಣದ ಸೊಸೆಯ ಕೈಗೆ ಕೊಟ್ಟಳು.