ಗೊರಕೆಯಣ್ಣನ ಕುರ್ಚಿ

ಆ ಮುದುಕ ಇವತ್ತೂ ಬಂದಿದ್ದ. ಅದೇ ಬಿಳಿ ಟೋಪಿ, ಅದೇ ಮಡಚಿದ ಕೊಡೆ. ದರ್ಬಾರು ಹಾಲಿನ ಬಾಗಿಲಲ್ಲಿ ನಿಂತವನು ಹಗ್ಗದಾಚೆ ಥಳಥಳ ಹೊಳೆಯುವ ಸಿಂಹಾಸನದತ್ತ ಕಣ್ಣೆತ್ತಿಯೂ ನೋಡಲಿಲ್ಲ. ನೆಟ್ಟ ನೋಟವೆಲ್ಲ ಮೂಲೆಯಲ್ಲಿ ಕೂತ ಕಾವಲುಗಾರನ ಮೇಲೆ. ದುಡ್ಡು ಕೊಟ್ಟು ಅರಮನೆ ನೋಡಲು ಬಂದವರು ಕಾವಲುಗಾರನನ್ನು ನೋಡುವುದುಂಟೇ? ಕಾವಲುಗಾರ ಗಡಬಡಿಸಿ ಬೆನ್ನು ನೆಟ್ಟಗೆ ಮಾಡಿಕೊಂಡ.

ಅವನಿಗೆ ಹೆತ್ತವರಿಟ್ಟ ಹೆಸರು ಬೇರೆ ಇತ್ತು. ಅರಮನೆಯಲ್ಲಿ ಮಾತ್ರ ಎಲ್ಲರಿಗೂ ಅವನು ಗೊರಕೆಯಣ್ಣ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ, ಫ್ಯಾನಿನ ಕೆಳಗೆ ತನ್ನ ಹಳೆಯ ಕರಿಮರದ ಕುರ್ಚಿಗೆ ಒರಗಿ, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಂಡು ಕುರ್ಚಿಯ ಕೈ ಮೇಲೆ ಇಡುತ್ತಿದ್ದ. ಅಲ್ಲೊಂದು ಕುಳಿಯಿತ್ತು, ಮುಚ್ಚಳ ಅದರೊಳಗೆ ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಚಹಾ ಆರುವ ಮೊದಲೇ ಗೊರಕೆ ಶುರು.

ಈ ಸುಖಕ್ಕೆ ಕಲ್ಲು ಹಾಕಿದವಳು ಟಿಕೆಟ್ ಕೊಡುವ ಅಕ್ಕ. ಮೇಲಿನ ಆಫೀಸಿನವರು ಈಗ ಸಾದಾ ಬಟ್ಟೆಯಲ್ಲಿ ಬಂದು ಕಾವಲಿನವರನ್ನು ಪರೀಕ್ಷೆ ಮಾಡುತ್ತಾರಂತೆ. ಆಯುಧದ ಕೋಣೆಯವನು ತೂಕಡಿಸಿ ಸಿಕ್ಕಿಬಿದ್ದು ಗೇಟಿಗೆ ಹೋಗಿದ್ದ. ಆ ರಾಜಧಾನಿಯಲ್ಲಿ ಬಿಸಿಲಿಗೆ ರಜೆ ಎಂಬುದಿಲ್ಲ. ಗೇಟಿನಲ್ಲಿ ನೆರಳಿಲ್ಲ, ಫ್ಯಾನಿಲ್ಲ, ಕೂರಲು ಒಂದು ಸ್ಟೂಲೂ ಇಲ್ಲ. ಗೊರಕೆಯಣ್ಣನ ಮಂಡಿಗಳಂತೂ ಮನೆಯ ಮೆಟ್ಟಿಲಿಗೇ ಅಳುತ್ತಿದ್ದವು. ವಿಷಯ ಕೇಳಿ ಹೆಂಡತಿ, "ಗೇಟಿಗೆ ಹಾಕಿದ್ರೆ ನೀವು ಒಣಮೆಣಸಿನಕಾಯಿ ಆಗ್ತೀರಿ, ನೋಡ್ತಾ ಇರಿ" ಎಂದಳು. ಅವಳ ಸಾಂತ್ವನ ಯಾವಾಗಲೂ ಹೀಗೆಯೇ.

ಬಿಳಿ ಟೋಪಿಯ ಮುದುಕನೇ ಆ ಪರೀಕ್ಷೆಯವನೆಂದು ಖಚಿತ ಮಾಡಿಕೊಂಡು, ಮರುದಿನದಿಂದ ಗೊರಕೆಯಣ್ಣ ಕೂರುವುದನ್ನೇ ಬಿಟ್ಟ. ಗೂಟ ಹೊಡೆದಂತೆ ನಿಂತ. ನಿದ್ದೆ ಬಂದರೆ ತೊಡೆ ಚಿವುಟಿಕೊಂಡ. ಮತ್ತೆ ಬಂದ ಮುದುಕನ ಮುಖ ಅರಳಿತು. ಅವನು ಸೀದಾ ಖಾಲಿ ಕುರ್ಚಿಯ ಬಳಿಗೆ ಬಂದು, ಸುತ್ತು ಹಾಕಿ, ಬಗ್ಗಿ, ಅಂಗೈಯಿಂದ ಮೆಲ್ಲಗೆ ಸವರಿದ.

ಅಯ್ಯೋ ಪಾಪಿ, ಬಿಸಿ ಇದೆಯೋ ಇಲ್ಲವೋ ನೋಡುತ್ತಿದ್ದಾನೆ, ಎಂದುಕೊಂಡ ಗೊರಕೆಯಣ್ಣ. ಮಂಡಿ ತಾಳದೆ ಈಗ ತಾನೇ ಒಂದು ಗಳಿಗೆ ಕೂತು ಎದ್ದದ್ದು ಗೊತ್ತಾಗಿಬಿಟ್ಟರೆ ಕೆಲಸ ಕೆಟ್ಟಿತು.

ಪುಣ್ಯಕ್ಕೆ ಆಗಲೇ ಗೈಡು ಒಂದು ಗುಂಪನ್ನು ಒಳಗೆ ನುಗ್ಗಿಸಿದ. ಮಹಾರಾಜರಿಗೆ ಮೂಗಿನ ತುದಿಯಲ್ಲೇ ಕೋಪ, ತೀರ್ಪು ಹೇಳುವಾಗೆಲ್ಲ ಉಂಗುರದ ಬೆರಳಿನಿಂದ ಸಿಂಹಾಸನದ ಕೈಯನ್ನು ಕುಟ್ಟಿ ಕುಟ್ಟಿ ಮರವೇ ತಗ್ಗಾಗಿತ್ತು ಎಂದು ಅವನು ದಿನವೂ ಒದರುವುದನ್ನೇ ಒದರಿದ. ಜನ ಹಗ್ಗದ ಮೇಲೆ ಕತ್ತು ಚಾಚಿದರು. ಯಾರಿಗೂ ಏನೂ ಕಾಣಲಿಲ್ಲ. ಇಷ್ಟು ದೂರದಿಂದ ಕಾಣುವುದಿಲ್ಲ, ಮುಂದೆ ನಡೀರಿ ಎಂದು ಗೊರಕೆಯಣ್ಣ ಅವರನ್ನು ಸಾಗಹಾಕಿದ.

ಮುದುಕ ಮಾತ್ರ ಕದಲಲಿಲ್ಲ. "ಈ ಕುರ್ಚಿ ನಿಮಗೆ ಎಲ್ಲಿಂದ ಬಂತು?" ಎಂದು ಕೇಳಿದ.

ಓಹೋ, ಅರಮನೆಯ ಸಾಮಾನು ಸ್ವಂತಕ್ಕೆ ಬಳಸಿಕೊಂಡೆ ಅಂತ ಇನ್ನೊಂದು ತಪ್ಪು ಹೊರಿಸಲು ನೋಡುತ್ತಿದ್ದಾನೆ! ಗೊರಕೆಯಣ್ಣ ಕೈಮುಗಿದು ಎಲ್ಲ ಒಪ್ಪಿಸಿದ. ದರ್ಬಾರು ಹಾಲಿಗೆ ಬಣ್ಣ ಬಳಿದ ವರ್ಷ ಅಂಗಳದಲ್ಲಿ ನಾಟಕವನ್ನೂ ಆಡಿಸಿದ್ದರು. ಇಲ್ಲಿನದು, ನಾಟಕದವರದು, ಎಲ್ಲ ಸಾಮಾನೂ ಒಂದೇ ಜಗಲಿಯಲ್ಲಿ ರಾಶಿ ಬಿದ್ದಿತ್ತು. ಕೊನೆಗೆ ಸಿಂಹಾಸನವನ್ನು ತಾನೊಬ್ಬನೇ ಎತ್ತಿ ತಂದು ಜಾಗದಲ್ಲಿಟ್ಟ. ಈ ಮುಕ್ಕುಕುರ್ಚಿ ಮಾತ್ರ ಉಳಿಯಿತು, ನಾಟಕದವರು ಮರೆತು ಹೋದದ್ದಿರಬೇಕು. ಯಾರೂ ಕೇಳಿಕೊಂಡು ಬರಲಿಲ್ಲ.

"ಅಂದಿನಿಂದ ಇದರ ಮೇಲೇ ಕೂರ್ತಿದ್ದೀರಾ?"

"ಕೂರೋದೆಲ್ಲಿ ಬಂತು ಸಾರ್. ಯಾವಾಗಲೋ ಒಮ್ಮೆ."

ಮುದುಕ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು. ಕೆಮ್ಮು ಬಂತೇನೋ ಎಂದು ಗೊರಕೆಯಣ್ಣ ಚಹಾ ಕೊಡಲು ಹೋದ.

"ಬೇಡ, ಬೇಡ. ನಿಮ್ಮಂಥವರನ್ನ ಇಂಥಾ ಕುರ್ಚಿ ಮೇಲೆ ಕೂರಿಸಬಾರದಪ್ಪಾ" ಎಂದ ಮುದುಕ. "ನಾನು ಒಳ್ಳೇದೊಂದು ಕಳಿಸ್ತೀನಿ. ಇದನ್ನ ನಮ್ಮ ಹುಡುಗರ ಕೈಲಿ ಕೊಟ್ಟುಬಿಡಿ."

ಗೊರಕೆಯಣ್ಣನ ಕಣ್ಣಲ್ಲಿ ನೀರೇ ಬಂತು. ಇಷ್ಟು ವರ್ಷದ ನೌಕರಿಯಲ್ಲಿ ಅವನ ಮಂಡಿಯ ಕಷ್ಟ ಅರ್ಥಮಾಡಿಕೊಂಡ ಮೊದಲ ಸಾಹೇಬ.

ಮಾತು ತಪ್ಪಲಿಲ್ಲ. ಮರುದಿನವೇ ವ್ಯಾನು ಬಂತು. ಹೊಸ ಕುರ್ಚಿ, ಮೆತ್ತನೆಯ ಸೀಟು, ಕೆಳಗೆ ಚಕ್ರ. ಹಳೆಯದನ್ನು ಒಯ್ಯಲು ಬಂದ ಇಬ್ಬರು ದಾಂಡಿಗರಿಗೂ ಅದನ್ನು ಎತ್ತಲಾಗಲಿಲ್ಲ. ಗೊರಕೆಯಣ್ಣ ತಾನೂ ಹೆಗಲು ಕೊಟ್ಟ. ಗೇಟಿನಲ್ಲಿ ಆಯುಧದ ಕೋಣೆಯವನು ಬೆವರೊರೆಸಿಕೊಳ್ಳುತ್ತ ಅಡ್ಡ ಬಂದಾಗ, "ಬಿಡಪ್ಪಾ, ಅದು ನನ್ನ ಮುರುಕಲು ಕುರ್ಚಿ. ದೊಡ್ಡ ಸಾಹೇಬರದೇ ಅಪ್ಪಣೆ" ಎಂದು ತಾನೇ ಗೇಟು ತೆರೆಸಿದ. ವ್ಯಾನು ಹೋಗುವ ತನಕ ನಿಂತು ಟಾಟಾ ಮಾಡಿದ.

ಊಟ ಮುಗಿಯಿತು. ಗೊರಕೆಯಣ್ಣ ಹೊಸ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿ, ಗೆದ್ದೆ ಎಂದುಕೊಂಡು ಚಹಾ ಕುಡಿದು, ಮುಚ್ಚಳವನ್ನು ಕುರ್ಚಿಯ ಕೈ ಮೇಲಿಟ್ಟ. ಅಲ್ಲಿ ಕುಳಿಯೆಲ್ಲಿ? ನುಣ್ಣನೆಯ ಪ್ಲಾಸ್ಟಿಕ್ಕು. ಮುಚ್ಚಳ ಜಾರಿತು, ನೆಲಕ್ಕೆ ಬಿತ್ತು, ಉರುಳುರುಳುತ್ತ ಹಗ್ಗದ ಕೆಳಗೆ ನುಸುಳಿ ಸಿಂಹಾಸನದ ಅಡಿಗೆ ಸೇರಿತು.

ಸುತ್ತ ಯಾರೂ ಇಲ್ಲದ್ದನ್ನು ನೋಡಿ, ಗೊಣಗುತ್ತ, ನೋಯುವ ಮಂಡಿಗಳನ್ನೇ ನೆಲಕ್ಕೂರಿ ಅವನು ಹಗ್ಗದೊಳಗೆ ತೆವಳಿದ. ಬಣ್ಣ ಬಳಿದ ವರ್ಷ ಎತ್ತಿಟ್ಟ ಮೇಲೆ ಅಷ್ಟು ಹತ್ತಿರ ಹೋದದ್ದು ಇದೇ ಮೊದಲು. ಮುಚ್ಚಳ ಕೈಗೆ ಸಿಕ್ಕಿತು. ಎದ್ದೇಳಲು ಹೋಗಿ ತಲೆ ತಗುಲಿತು. ಸಿಂಹಾಸನ ಖಾಲಿ ಡಬ್ಬದಂತೆ ಸದ್ದು ಮಾಡಿತು. ಗೊರಕೆಯಣ್ಣ ತಲೆ ಉಜ್ಜಿಕೊಳ್ಳುತ್ತ ಮೇಲೆ ನೋಡಿದ.

ಸೀಟಿನ ಅಡಿಯ ಪ್ಲೈವುಡ್ಡಿನ ಮೇಲೆ ನೀಲಿ ಬಣ್ಣದಲ್ಲಿ ಬರೆದಿತ್ತು: "ನಾಟಕದ ಸಾಮಾನು ಬಾಡಿಗೆಗೆ ದೊರೆಯುತ್ತದೆ. ರಾಜನ ಪಾತ್ರದವರು ಮೆಲ್ಲಗೆ ಕೂರಬೇಕು."