ಮುಯ್ಯಿಯ ದಿನ

ಅಡುಗೆಮನೆಯ ಬಾಗಿಲಲ್ಲಿ ಬೂಟು ಕಳಚುತ್ತಲೇ ನೆರೆಯ ಇಡ್ವಾಲ್ ಅತ್ತಿತ್ತ ನೋಡಿ, ನೆರಿಸ್‌ಳ ಕೈಗೆ ಒಂದು ಪೊಟ್ಟಣ ತುರುಕಿದ.

"ನಿನ್ನ ಗಂಡನಿಗೆ ಕೊಡಮ್ಮ. ಪಾಪ, ಬೆನ್ನುನೋವು ತಿಂತಾ ಇದೆ ಅಂದ. ಔಷಧಿ ಅಂಗಡಿಯವಳು ಅವನಿಗೆ ಇನ್ನು ಕೊಡಲ್ಲ, ಡಾಕ್ಟರನ್ನ ನೋಡು ಅಂದ್ಲಂತೆ. ನನ್ನ ಮಂಡಿನೋವಿಗೆ ಅಂತ ಸುಳ್ಳು ಹೇಳಿ ತಂದೆ. ಯಾರಿಗೂ ಹೇಳ್ಬೇಡ."

ಕೋಡೀನ್ ಬೆರೆಸಿದ ನೋವಿನ ಮಾತ್ರೆ. ಮೂರು ದಿನಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ, ಚಟವಾಗಬಹುದು ಎಂದು ಪೊಟ್ಟಣದ ಮೇಲೇ ಅಚ್ಚಾಗಿತ್ತು. ನೆರಿಸ್ ಅದನ್ನು ಜೇಬಿಗೆ ಹಾಕಿಕೊಂಡಳು. ಜೇಬಿನಲ್ಲಿ ಆಗಲೇ ಎರಡು ಇದ್ದವು. ಬೆಳಿಗ್ಗೆ ಪಕ್ಕದ ಮನೆಯ ಮೆನ್ನಾ ತಲೆನೋವಿನ ನೆಪ ಹೇಳಿ ಒಂದು ತಂದಿದ್ದಳು; ಅವಳ ಗಂಡ, ಹೆಂಡತಿಗೂ ತಿಳಿಯದಂತೆ ಇನ್ನೊಂದು. ವೇಲ್ಸಿನ ಈ ಬೆಟ್ಟದಲ್ಲಿ ಒಬ್ಬರ ಕುರಿಗಳ ಉಣ್ಣೆ ಕತ್ತರಿಸುವ ದಿನ ಉಳಿದವರೆಲ್ಲ ಮುಯ್ಯಾಳಾಗಿ ಬರುತ್ತಾರೆ, ಕೂಲಿಗೆ ಬದಲು ಮುಂದೆ ತಮ್ಮ ಮನೆಗೂ ಒಂದು ದಿನದ ಕೆಲಸ ಪಡೆಯುತ್ತಾರೆ; ಬರಿಗೈಯಲ್ಲಿ ಬರುವುದಿಲ್ಲ. ಕೇಕು ತರಬಾರದಿತ್ತೇ ಈ ಪುಣ್ಯಾತ್ಮರು?

ಊಟಕ್ಕೆ ಕುಳಿತರು. ಹೊರಗೆ ಉಣ್ಣೆ ಕಳೆದುಕೊಂಡ ತಾಯಂದಿರ ಗುರುತು ಸಿಗದೆ ಮರಿಗಳು ಒಂದೇ ಸಮನೆ ಅರಚುತ್ತಿದ್ದವು. ನೆರಿಸ್‌ಳ ಗಂಡ ಎಲ್ವೆಡ್ ಕುಳಿತಲ್ಲಿ ಕೂರಲಾರ. ಆಕಳಿಸುತ್ತಾನೆ, ಬೆವರುತ್ತಾನೆ, ಮೂಗು ಒರೆಸಿಕೊಳ್ಳುತ್ತಾನೆ. ಮೇಜಿನ ಕೆಳಗೆ ಅವನ ಮಂಡಿ ಕುಣಿದು ತಟ್ಟೆಗಳೆಲ್ಲ ಗಲಗಲ ಎಂದವು. ಉಳಿದವರು ಕೇಳಿಸದವರಂತೆ ಆಲೂಗಡ್ಡೆ ಬಡಿಸಿಕೊಂಡರು. ಕೊನೆಗೆ ಅವನು ಎದ್ದು ಒಲೆಯ ಬಳಿ ನಿಂತಿದ್ದ ನೆರಿಸ್ ಪಕ್ಕಕ್ಕೆ ಬಂದ.

"ಇಡ್ವಾಲ್ ಏನಾದ್ರೂ ಕೊಟ್ನಾ?"

"ಬೆನ್ನು ನೋಯ್ತಿದ್ಯಾ?"

"ಹೂಂ."

"ಬೆಳಿಗ್ಗೆಯಿಂದ ಬಗ್ಗಿ ಕುರಿ ಉಣ್ಣೆ ಕತ್ತರಿಸ್ತಿದ್ದೀಯ. ಒಂದ್ಸಲಾನೂ ಸೊಂಟ ಹಿಡ್ಕೊಂಡಿದ್ದು ನಾನು ನೋಡ್ಲಿಲ್ಲ. ನಿಜ ಹೇಳು."

ಅವನು ಕಿಟಕಿಯಾಚೆ ನೋಡಿದ. "ಬೆನ್ನು ವಾಸಿಯಾಗಿ ಎಷ್ಟೋ ದಿನ ಆಯ್ತು ಕಣೆ. ಮಾತ್ರೆ ಬಿಟ್ರೆ ಹಿಂಗಾಗುತ್ತೆ."

ನೆರಿಸ್‌ಗೆ ಸಿಟ್ಟು ಬಂತು, ಗಂಡನ ಮೇಲೋ ಕರುಣಾಳು ನೆರೆಯವರ ಮೇಲೋ ಅವಳಿಗೇ ತಿಳಿಯಲಿಲ್ಲ. ನೇರ ಮೇಜಿನ ಬಳಿ ಹೋಗಿ ಬ್ರೆಡ್ಡಿನ ಪಕ್ಕದಲ್ಲಿ ಮೂರೂ ಪೊಟ್ಟಣಗಳನ್ನು ಇಟ್ಟಳು. ಮೆನ್ನಾ ತನ್ನ ಗಂಡನ ಮುಖ ನೋಡಿದಳು. ಗಂಡ ತಟ್ಟೆ ನೋಡಿದ.

"ಇಷ್ಟೊಂದು ನುಂಗೋಕೆ ನನ್ನ ಗಂಡನಿಗೆ ಎಷ್ಟು ಬೆನ್ನಿದೆ ಅನ್ಕೊಂಡಿದ್ದೀರಿ?" ಎಂದಳು. "ಬೆನ್ನು ಯಾವತ್ತೋ ಸರಿಹೋಗಿದೆಯಂತೆ. ಈಗ ಮಾತ್ರೆ ಇವನನ್ನ ಬಿಡ್ತಿಲ್ಲ."

ಇಡ್ವಾಲ್ ಕೆಮ್ಮಿದ.

"ನಾಳೆ ನಮ್ಮನೆ ಕುರಿಗೆ ನೀನು ಬರ್ಬೇಕಲ್ಲ, ಎಲ್ವೆಡ್."

"ಬರ್ತೀನಿ. ಮುಯ್ಯಿ ತೀರಿಸದೆ ಇರೋನಲ್ಲ ನಾನು."

"ಕುರಿ ಕಾಯುತ್ತೆ ಬಿಡು. ನೀನು ಕೊಡ್ಬೇಕಾದ ಆ ದಿನ ನನ್ನದು ತಾನೆ? ಬೆಳಿಗ್ಗೆ ಕಾರು ತರ್ತೀನಿ, ಡಾಕ್ಟರ್ ಹತ್ರ ಹೋಗೋಣ. ಇದನ್ನ ಹೆಂಗೆ ಕಮ್ಮಿ ಮಾಡ್ಬೇಕೋ ಅವರೇ ಹೇಳ್ಲಿ. ಒಮ್ಮೆಲೇ ಬಿಟ್ಟು ಒದ್ದಾಡೋದೂ ಬೇಡ."

ಎಲ್ವೆಡ್ ಬಂದು ಕುಳಿತ. ತಟ್ಟೆಗಳು ಮತ್ತೆ ಗಲಗಲ ಎಂದವು. ಈ ಸಲ ಯಾರೂ ಕೇಳಿಸದವರಂತೆ ನಟಿಸಲಿಲ್ಲ. ಇಡ್ವಾಲ್ ಮೇಜಿನ ಕೆಳಗೆ ಕೈ ಚಾಚಿ, ಬೆದರಿದ ಕುರಿಯನ್ನು ಹಿಡಿಯುವಂತೆ, ಆ ಮಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.